ಜಪಾನಿನ ದುಬಾರಿ ಸಾಫ್ಟಿ: ಬಸುರಿ ಮಗಳು ತಿನ್ನಬಹುದಾ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿಯಿಂದ ಒಳಗೆ. ಮಗಳು, ಅಳಿಯ ಜಪಾನಿನ ಒಸಾಕಾದಲ್ಲಿದ್ದಾರೆ. ಮಗಳಿಗೆ ಈಗ ಏಳನೇ ತಿಂಗಳು. ಬಾಣಂತನಕ್ಕೆ ಅಂತ ನಾನೂ ನಮ್ಮನೆಯವರೂ ಮುಂದಿನ ತಿಂಗಳು ಹೊರಟಿದ್ದೇವೆ. ಅಲ್ಲಿ ಕ್ರೆಮಿಯಾ ಅನ್ನೋ ದುಬಾರಿ ಸಾಫ್ಟ್ ಐಸ್‌ಕ್ರೀಮ್ ಸಿಗುತ್ತಂತೆ. ಅವಳಿಗೆ ಅದರದ್ದೇ ಬಯಕೆ. ಹೋದ ವಾರ ಒಂದು ತಿಂದೂ ಆಗಿದೆ. ಫೋಟೊ ಕಳಿಸಿದಾಗ ನನಗೆ ಎದೆ ಧಸಕ್ಕೆಂದಿತು. ತಾಯಿಗೆ ಥಂಡಿ ಆದರೆ ಹೊಟ್ಟೆಯಲ್ಲಿರೋ ಮಗುವಿಗೂ ಥಂಡಿ ಅಲ್ವಾ? "ಅಮ್ಮಾ, ಇದು ನಮ್ಮೂರ ಜಾತ್ರೆ ಸಾಫ್ಟಿ ಅಲ್ಲ, ಪ್ರೀಮಿಯಂ, ಏನೂ ಆಗಲ್ಲ" ಅಂತಾಳೆ. ಹಿಂದೊಮ್ಮೆ ಜಾತ್ರೆಯಲ್ಲಿ ಸಾಫ್ಟಿ ತಿಂದು ಮನೆಮಂದಿಗೆಲ್ಲ ವಾಂತಿ-ಭೇದಿ ಆಗಿತ್ತು, ಅದಕ್ಕೇ ಆ ಮಾತು. ನಾವು ಮೊಟ್ಟೆಯನ್ನೂ ತಿನ್ನೋದಿಲ್ಲ. ನಮ್ಮನೆಯವರಿಗೆ ಶುಗರ್ ಇದೆ, ಆದರೆ ಐಸ್‌ಕ್ರೀಮ್ ಕಂಡರೆ ಬಿಡೋರಲ್ಲ. ದುಡ್ಡು ಜಾಸ್ತಿ ಕೊಟ್ಟರೆ ನಿಜವಾಗಲೂ ಭಯ ಇಲ್ವಾ?

ಉತ್ತರ: ಮೊದಲು ಮಗಳು ತಿಂದಾಗಿರುವ ಆ ಒಂದು ಕೋನ್ ವಿಷಯ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ತೊಂದರೆ ಆಗುವ ಸಾಧ್ಯತೆ ತೀರಾ ಕಡಿಮೆ. ಆದರೂ ಮುಂದಿನ ಕೆಲವು ವಾರಗಳಲ್ಲಿ ಅವಳಿಗೆ ಜ್ವರ, ಚಳಿ, ಮೈಕೈ ನೋವು ಬಂದರೆ "ಸುಮ್ನೆ ಫ್ಲೂ ಇರಬೇಕು" ಅಂತ ಮನೆಯಲ್ಲೇ ಕೂರುವುದು ಬೇಡ. ಅಲ್ಲಿನ ವೈದ್ಯರಿಗೆ ತೋರಿಸಲಿ, ಯಂತ್ರದ ಸಾಫ್ಟ್ ಐಸ್‌ಕ್ರೀಮ್ ತಿಂದಿದ್ದೆ ಅಂತಲೂ ಹೇಳಲಿ. ಮಗುವಿನ ಓಡಾಟ ಕಡಿಮೆ ಅನ್ನಿಸಿದರೂ ಅಷ್ಟೇ, ತಡ ಮಾಡಬಾರದು. ವಾರಗಟ್ಟಲೆ ಯಾಕೆ ಎಚ್ಚರ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಾನು ವೈದ್ಯನಲ್ಲ. ಡೇರಿ ತಂತ್ರಜ್ಞಾನ ಓದಿ, ಶಿವಮೊಗ್ಗದಲ್ಲಿ ನೆಲೆಸಿ, ಐಸ್‌ಕ್ರೀಮ್ ಮಿಕ್ಸ್ (ಯಂತ್ರಕ್ಕೆ ಹಾಕುವ ಹಾಲು, ಕೆನೆ, ಸಕ್ಕರೆಯ ಮಿಶ್ರಣ) ಮತ್ತು ಸಾಫ್ಟಿ ಯಂತ್ರಗಳ ನಡುವೆ ಕೆಲಸ ಮಾಡಿದವನು. ಔಷಧದ ವಿಷಯಕ್ಕೆ ಕೈ ಹಾಕುವುದಿಲ್ಲ. ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತು.

ನಿಮ್ಮ ಪತ್ರದಲ್ಲಿ ನಾಲ್ಕೈದು ಚಿಂತೆ ಒಟ್ಟಿಗೆ ಕಲಸಿಕೊಂಡಿವೆ. ಮುಖ್ಯವಾದದ್ದು ಕೊನೆಯ ಸಾಲಿನಲ್ಲಿದೆ: ಜಾಸ್ತಿ ದುಡ್ಡು ಕೊಟ್ಟರೆ ಭಯ ಕಡಿಮೆ ಆಗುತ್ತದಾ? ಇಲ್ಲ. ಆ ದುಡ್ಡು ಹೋಗುವುದು ಕೆನೆಗೆ, ಕೋನಿಗೆ, ಹೆಸರಿಗೆ. ಹೊಟ್ಟೆಗೆ ಸುರಕ್ಷಿತವೋ ಅಲ್ಲವೋ ಅನ್ನುವುದನ್ನು ನಿರ್ಧರಿಸುವುದು ಆ ಅಂಗಡಿಯಲ್ಲಿ ಯಂತ್ರ ತೊಳೆಯುವವರು. ಮಗಳ ಮಾತಿನಲ್ಲಿ ಅರ್ಧ ಸರಿ ಇದೆ, ನಿಮ್ಮ ಭಯದಲ್ಲೂ ಅರ್ಧ ಸರಿ ಇದೆ. ಆದರೆ ನೀವು ಹೆದರಿರುವುದು ಥಂಡಿಗೆ, ಹೆದರಬೇಕಾದದ್ದು ಬೇರೆಯದಕ್ಕೆ.

ಥಂಡಿ ಮಾತು ಬೇಗ ಮುಗಿಸುತ್ತೇನೆ. ನೆಗಡಿ, ಗಂಟಲು ನೋವು ಬರುವುದು ಬಹುತೇಕ ವೈರಸ್‌ನಿಂದ. ತಣ್ಣನೆಯದು ತಿಂದ ಮಾತ್ರಕ್ಕೆ ಅದು ಹುಟ್ಟುವುದಿಲ್ಲ. ತಿಂದ ಐಸ್‌ಕ್ರೀಮ್ ಬಾಯಿ, ಅನ್ನನಾಳ ದಾಟಿ ಹೊಟ್ಟೆ ಸೇರಿ ಸ್ವಲ್ಪ ಹೊತ್ತಿಗೆ ಮೈಯ ಬಿಸಿಗೆ ಬಂದುಬಿಡುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಅದರ ಚಳಿ ತಾಗುವ ದಾರಿಯೇ ಇಲ್ಲ. ಆಗುಂಬೆ ಮಳೆಯಲ್ಲಿ ಆರು ತಿಂಗಳು ನೆನೆಯುವ ನಮಗೆ ಥಂಡಿ ಅಂದರೆ ಎಲ್ಲ ರೋಗದ ತಾಯಿ, ಅದು ರಕ್ತದಲ್ಲೇ ಬಂದಿರುವ ಭಯ. ಇನ್ನು ನೀವೇ ಒಸಾಕಾಕ್ಕೆ ಇಳಿದ ಮೇಲೆ ಗಂಟಲು ಕೆರೆದರೆ ಐಸ್‌ಕ್ರೀಮಿನ ತಲೆಗೆ ಕಟ್ಟಬೇಡಿ. ವಿಮಾನದೊಳಗಿನ ಗಾಳಿಯಲ್ಲಿ ತೇವ ಬಹಳ ಕಡಿಮೆ, ಸಾಮಾನ್ಯವಾಗಿ ಶೇ 20ಕ್ಕಿಂತಲೂ ಕೆಳಗೆ. ಮಲೆನಾಡಿನ ಗಾಳಿ ಕುಡಿದು ಬೆಳೆದ ಗಂಟಲು ಒಂದು ರಾತ್ರಿಗೇ ಒಣಗಿ ಹೋಗುತ್ತದೆ. ಗಬಗಬ ತಿಂದಾಗ ಹಣೆ ಚುರುಕ್ ಅನ್ನುವುದೂ ಕಾಯಿಲೆ ಏನಲ್ಲ. ಅಂಗುಳಿಗೆ ಒಮ್ಮೆಲೇ ಚಳಿ ತಾಗಿದ್ದರ ಪರಿಣಾಮ, ಒಂದೆರಡು ನಿಮಿಷದೊಳಗೆ ಹೋಗುತ್ತದೆ. ಆಸ್ತಮಾ ಇರುವ ಕೆಲವರಿಗೆ ತಣ್ಣನೆಯದು ತಿಂದರೆ ಕೆಮ್ಮು ಬರುವುದುಂಟು, ಅವರು ಮಾತ್ರ ನೋಡಿಕೊಂಡು ತಿನ್ನಬೇಕು.

ಈಗ ಪ್ರೀಮಿಯಂ ಅಂದರೆ ಏನು ಅಂತ ನೋಡೋಣ. ಊರ ಸೊಸೈಟಿಗೆ ಹಾಲು ಹಾಕುವವರಿಗೆ ಫ್ಯಾಟು, ಅಂದರೆ ಕೊಬ್ಬಿನಂಶ, ಬಿಡಿಸಿ ಹೇಳಬೇಕಾಗಿಲ್ಲ. ಹಸುವಿನ ಹಾಲಿನಲ್ಲಿ ಫ್ಯಾಟು ಶೇ ಮೂರೂವರೆ, ನಾಲ್ಕರ ಆಸುಪಾಸು. ಸಾಧಾರಣ ಸಾಫ್ಟ್ ಐಸ್‌ಕ್ರೀಮ್ ಮಿಕ್ಸ್‌ನಲ್ಲಿ 3ರಿಂದ 6. ಕ್ರೆಮಿಯಾದಲ್ಲಿ 12.5. ನಿಸ್ಸೇಯ್ ಅನ್ನುವ ಜಪಾನಿ ಕಂಪನಿ 2013ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ಹೊಕ್ಕೈಡೊ ಕಡೆಯ ಹಾಲಿನ ಕೆನೆ ಬಳಸುತ್ತಾರೆ. ಹೊಕ್ಕೈಡೊ ಅಂದರೆ ಜಪಾನಿನ ಉತ್ತರದ ದೊಡ್ಡ ದ್ವೀಪ, ಆ ದೇಶದ ಅರ್ಧಕ್ಕಿಂತ ಹೆಚ್ಚು ಹಾಲು ಅಲ್ಲಿಂದಲೇ ಬರುತ್ತದೆ.

ಎರಡನೆಯದು ಗಾಳಿ. ಸಾಫ್ಟ್ ಐಸ್‌ಕ್ರೀಮ್ ಮೆತ್ತಗಿರುವುದು ಒಳಗೆ ಗಾಳಿ ಸೇರಿಸಿ ಕಡೆಯುವುದರಿಂದ. ಒಂದು ಲೀಟರ್ ಮಿಕ್ಸ್‌ಗೆ ಸಾಮಾನ್ಯವಾಗಿ 300ರಿಂದ 600 ಎಂ.ಎಲ್. ಗಾಳಿ ಸೇರುತ್ತದೆ. ಗಾಳಿ ಜಾಸ್ತಿಯಾದಷ್ಟೂ ವ್ಯಾಪಾರಿಗೆ ಲಾಭ, ನಿಮ್ಮ ಕೈಗೆ ಹಗುರ. ಪ್ರೀಮಿಯಂ ಅಂತ ಮಾರುವವರು ಸಾಮಾನ್ಯವಾಗಿ ಗಾಳಿ ಕಡಿಮೆ ಇಡುತ್ತಾರೆ. ಕೋನ್ ಕೈಯಲ್ಲಿ ಹಿಡಿದಾಗಲೇ ಭಾರ ಗೊತ್ತಾಗುತ್ತದೆ.

ಮೂರನೆಯದು ತಂಪು. ಅದಕ್ಕೂ ದುಡ್ಡಿಗೂ ಸಂಬಂಧವಿಲ್ಲ, ಆದರೆ ರುಚಿಯ ಗುಟ್ಟು ಅಲ್ಲೇ ಇದೆ. ಅಂಗಡಿಯ ಫ್ರೀಜರ್‌ನಲ್ಲಿ ಗಟ್ಟಿ ಐಸ್‌ಕ್ರೀಮ್ ಇಡುವುದು ಮೈನಸ್ 18 ಡಿಗ್ರಿಯಲ್ಲಿ. ಸಾಫ್ಟ್ ಐಸ್‌ಕ್ರೀಮ್ ಯಂತ್ರದಿಂದ ಇಳಿಯುವುದು ಮೈನಸ್ 5, 6ರ ಹತ್ತಿರ. ನಾಲಿಗೆ ಅಷ್ಟಾಗಿ ಮರಗಟ್ಟುವುದಿಲ್ಲ. ಹಾಗಾಗಿ ಸಿಹಿಯೂ ಕೆನೆಯ ಪರಿಮಳವೂ ಚೆನ್ನಾಗಿ ತಿಳಿಯುತ್ತವೆ. ಹೆಪ್ಪುಗಟ್ಟಿದ ಕೂಡಲೇ ತಿನ್ನುವುದರಿಂದ ಐಸ್ ಹರಳುಗಳು ದೊಡ್ಡದಾಗಲು ಪುರುಸೊತ್ತೇ ಸಿಗುವುದಿಲ್ಲ. ನಿಮ್ಮ ಮಗಳಿಗೆ ಕಪ್ ಐಸ್‌ಕ್ರೀಮ್ ಸಪ್ಪೆ ಅನ್ನಿಸುತ್ತಿದ್ದರೆ ಆಶ್ಚರ್ಯವಿಲ್ಲ.

ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. ಪ್ರೀಮಿಯಂ ಕೋನಿಗೆ ಸುಮಾರು 500ರಿಂದ 700 ಯೆನ್ ಅಂದುಕೊಳ್ಳಿ. ಕನಜಾವಾ ಊರಿನಲ್ಲಿ ಇಡೀ ಬಂಗಾರದ ರೇಕು ಹೊದಿಸಿದ ಸಾಫ್ಟಿಯೂ ಸಿಗುತ್ತದೆ, ಅದು ಇನ್ನೂ ದುಬಾರಿ. ಬಂಗಾರಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಫೋಟೊಗೆ ಕೊಡುವ ದುಡ್ಡು ಅದು. ಕೆನೆಗೆ ಕೊಡುವ ದುಡ್ಡಿನ ಬಗ್ಗೆ ನನ್ನ ತಕರಾರಿಲ್ಲ, ನಾಲಿಗೆಗೆ ವ್ಯತ್ಯಾಸ ನಿಜವಾಗಿಯೂ ಗೊತ್ತಾಗುತ್ತದೆ.

ಇನ್ನು ಯಂತ್ರ. ಮೇಲೆ ಹಾಪರ್ ಅನ್ನುವ ತೊಟ್ಟಿ ಇರುತ್ತದೆ. ಅದರಲ್ಲಿ ದ್ರವ ಮಿಕ್ಸ್ ಸುಮಾರು 4 ಡಿಗ್ರಿಯಲ್ಲಿ ಕೂತಿರುತ್ತದೆ. ಅಲ್ಲಿಂದ ಕೆಳಗಿನ ಸಿಲಿಂಡರಿಗೆ ಇಳಿಯುತ್ತದೆ. ಸಿಲಿಂಡರಿನ ಗೋಡೆಗೆ ಅಂಟಿದ ಐಸನ್ನು ಬ್ಲೇಡುಗಳು ಕೆರೆಯುತ್ತಾ ಗಾಳಿ ಸೇರಿಸಿ ಕಡೆಯುತ್ತವೆ. ಹಿಡಿ ಎಳೆದರೆ ನಕ್ಷತ್ರದಾಕಾರದ ಬಾಯಿಯಿಂದ ಇಳಿದು ಬರುತ್ತದೆ. ಮಿಕ್ಸ್ ಕಾರ್ಖಾನೆಯಲ್ಲೇ ಪಾಶ್ಚರೀಕರಣ ಆಗಿ ಬಂದಿರುತ್ತದೆ. ಸುಮಾರು 70 ಡಿಗ್ರಿಯಲ್ಲಿ ಅರ್ಧ ಗಂಟೆ, ಇಲ್ಲವೇ 80 ಡಿಗ್ರಿಯಲ್ಲಿ 25 ಸೆಕೆಂಡು ಕಾಯಿಸುವುದು ರೂಢಿ. ಪ್ಯಾಕೆಟ್ ಒಡೆಯುವವರೆಗೆ ಅದಕ್ಕೆ ಏನೂ ಆಗಿರುವುದಿಲ್ಲ.

ಕಷ್ಟ ಶುರುವಾಗುವುದು ಒಡೆದ ಮೇಲೆ. ಯಂತ್ರದ ಒಳಗೆ ರಬ್ಬರ್ ರಿಂಗುಗಳು, ಸಣ್ಣ ಕೊಳವೆಗಳು, ಸಂದಿಗಳು ಬೇಕಾದಷ್ಟು. ಮಿಕ್ಸಿ ಜಾರಿನ ರಬ್ಬರ್ ಸಂದಿಯಲ್ಲಿ ಎಷ್ಟು ತೊಳೆದರೂ ಚಟ್ನಿ ಉಳಿಯುವ ಹಾಗೆ ಅಲ್ಲೂ ಹಾಲಿನ ಪಸೆ ಉಳಿಯುತ್ತದೆ. ಪೂರ್ತಿ ಬಿಚ್ಚಿ, ಬ್ರಷ್ ಹಾಕಿ ಉಜ್ಜಿ, ಸ್ಯಾನಿಟೈಸರ್ ದ್ರಾವಣ ಓಡಿಸಿ, ರಿಂಗುಗಳನ್ನು ಸಮಯಕ್ಕೆ ಬದಲಿಸಿದರೆ ಸರಿ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಸುಸ್ತಾದ ಹುಡುಗ ಬರೀ ನೀರು ಹಾಯಿಸಿ ಬಿಟ್ಟರೆ ರೋಗಾಣುವಿಗೆ ಮನೆ ಸಿಕ್ಕಿತು ಅಂತಲೇ ಅರ್ಥ. ಈ ಹುಡುಗ ಶಿವಮೊಗ್ಗದಲ್ಲೂ ಇದ್ದಾನೆ, ಒಸಾಕಾದಲ್ಲೂ ಇರಬಹುದು.

ಬಸುರಿಯರ ಮಟ್ಟಿಗೆ ನಾವು ಹೆದರುವ ಹೆಸರು ಲಿಸ್ಟೀರಿಯಾ. ಬೇರೆ ಬಹುತೇಕ ರೋಗಾಣುಗಳು ಫ್ರಿಜ್‌ನ ಚಳಿಗೆ ಸುಮ್ಮನಾಗುತ್ತವೆ. ಇದು 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ಹೆಪ್ಪುಗಟ್ಟಿದರೆ ಬೆಳವಣಿಗೆ ನಿಲ್ಲುತ್ತದೆ, ಆದರೆ ಸಾಯುವುದಿಲ್ಲ. ಚೆನ್ನಾಗಿ ಕಾಯಿಸಿದರೆ ಸಾಯುತ್ತದೆ. ಆರೋಗ್ಯವಂತರಿಗೆ ಇದು ಬಹುಪಾಲು ಏನೂ ಮಾಡುವುದಿಲ್ಲ. ಬಸುರಿಯರಿಗೆ ತಗಲುವ ಸಾಧ್ಯತೆ ಉಳಿದವರಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ. ತಾಯಿಗೆ ಸಣ್ಣ ಜ್ವರ ಬಂದು ಹೋಗಬಹುದು, ಪೆಟ್ಟು ಬೀಳುವುದು ಮಗುವಿಗೆ. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಹುಟ್ಟಿದ ಮಗುವಿಗೆ ಸೋಂಕು, ಇವೆಲ್ಲ ಆಗಬಹುದು. ತಿಂದ ಮೇಲೆ ಲಕ್ಷಣ ಕಾಣಿಸಲು ಕೆಲವೊಮ್ಮೆ ಎರಡು ತಿಂಗಳ ಮೇಲೂ ಹಿಡಿಯುತ್ತದೆ. ವಾರಗಟ್ಟಲೆ ಗಮನ ಇರಲಿ ಅಂದದ್ದು ಇದಕ್ಕೇ. ಬೇಗ ಗೊತ್ತಾದರೆ ಆ್ಯಂಟಿಬಯಾಟಿಕ್ ಚಿಕಿತ್ಸೆ ಇದೆ.

ಇದು ಬಡ ದೇಶದ, ಕೊಳಕು ಅಂಗಡಿಯ ಮಾತು ಅಂದುಕೊಳ್ಳಬೇಡಿ. 2023ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಒಂದು ಹೋಟೆಲಿನ ಐಸ್‌ಕ್ರೀಮ್ ಯಂತ್ರಗಳನ್ನು ಸರಿಯಾಗಿ ತೊಳೆದಿರಲಿಲ್ಲ. ಅದರಿಂದ ತೆಗೆದ ಮಿಲ್ಕ್‌ಶೇಕ್‌ನಲ್ಲಿ ಲಿಸ್ಟೀರಿಯಾ ಸೇರಿ ಆರು ಜನ ಆಸ್ಪತ್ರೆ ಸೇರಿದರು, ಅವರಲ್ಲಿ ಮೂವರು ತೀರಿಕೊಂಡರು. ಇಂಥದ್ದು ಅಪರೂಪ. ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರಗಳು ಬಸುರಿಯರಿಗೆ ಕೊಡುವ ಸಲಹೆಯಲ್ಲಿ ಯಂತ್ರದ ಸಾಫ್ಟ್ ಐಸ್‌ಕ್ರೀಮ್ ಬೇಡ ಅಂತಲೇ ಇದೆ. ಎಲ್ಲ ದೇಶದ ಪಟ್ಟಿಯೂ ಇಷ್ಟು ಬಿಗಿಯಾಗಿಲ್ಲ.

ಜಪಾನಿನ ಪರವಾಗಿಯೂ ಹೇಳಬೇಕು. ಹೊಸ ಯಂತ್ರಗಳಲ್ಲಿ ರಾತ್ರಿ ಹೊತ್ತು ಮಿಕ್ಸನ್ನು ತಾನೇ ಕಾಯಿಸಿ ಮತ್ತೆ ತಣ್ಣಗೆ ಮಾಡುವ ಏರ್ಪಾಡು ಇರುತ್ತದೆ. ಸುಮಾರು 65 ಡಿಗ್ರಿ ದಾಟಿಸಿ ಅರ್ಧ ಗಂಟೆ ಹಿಡಿದಿಡುತ್ತದೆ. ಇಂಥ ಯಂತ್ರ ಸರಿಯಾಗಿ ನಡೆಯುತ್ತಿದ್ದರೆ ಅಪಾಯ ಬಹಳ ಇಳಿಯುತ್ತದೆ. ಅಂದಮಾತ್ರಕ್ಕೆ ತೊಳೆಯುವುದೇ ಬೇಡ ಅಂತಲ್ಲ, ಅದಕ್ಕೂ ನಿಗದಿತ ದಿನಕ್ಕೊಮ್ಮೆ ಪೂರ್ತಿ ಬಿಚ್ಚಿ ತೊಳೆಯುವ ನಿಯಮ ಇದೆ. ಗಿರಾಕಿಗೆ ಹೊರಗಿನಿಂದ ಇದು ಯಾವ ಯಂತ್ರ ಅಂತ ಗೊತ್ತಾಗುವುದೂ ಕಷ್ಟ.

ಹಾಗಾದರೆ ನಿಮ್ಮ ಜಾತ್ರೆಯ ಸಾಫ್ಟಿಯಲ್ಲಿ ಆಗಿದ್ದೇನು? ಕಣ್ಣಾರೆ ಕಾಣದೆ ಖಚಿತ ಹೇಳಲಾಗದು, ಆದರೆ ಅನುಮಾನ ಯಾವುದರ ಮೇಲೆ ಅಂತ ಹೇಳಬಲ್ಲೆ. ಜಾತ್ರೆಯಲ್ಲಿ ಅನೇಕರು ಬಳಸುವುದು ಪುಡಿ ಮಿಕ್ಸ್. ಅದನ್ನು ಕಲಸುವ ನೀರು ಎಲ್ಲಿಯದು? ಡ್ರಮ್ಮಿನದು. ಕುದಿಸಿದ್ದಾ? ಅನುಮಾನ. ಆಮೇಲೆ ಯಂತ್ರ ನಡೆಯುವುದು ಜನರೇಟರ್ ಮೇಲೆ. ಅದು ನಿಂತು ಶುರುವಾಗುವಷ್ಟರಲ್ಲಿ ತೊಟ್ಟಿಯ ಮಿಕ್ಸ್ ಬೆಚ್ಚಗಾಗಿ ರೋಗಾಣುಗಳಿಗೆ ಹಬ್ಬ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ನಮ್ಮ ಕಡೆ ಊರಂಗಡಿಗಳಲ್ಲೂ ಇದೇ ಕತೆ. ತಿಂದ ಕೆಲವೇ ಗಂಟೆಗೆ ಮನೆಮಂದಿಗೆಲ್ಲ ಒಟ್ಟಿಗೆ ವಾಂತಿ ಆಗಿದ್ದರೆ ಈ ದಾರಿಯೇ ಹೆಚ್ಚು ಸಂಭವ. ಒಸಾಕಾದಲ್ಲಿ ನೀರು, ಕರೆಂಟು ಎರಡರ ತೊಂದರೆಯೂ ಇಲ್ಲ. ಮಗಳ ಮಾತಿನ ಸರಿಯಾದ ಅರ್ಧ ಇದು. ಆದರೆ ಅದು ದೇಶದ ಅನುಕೂಲ, ಪ್ರೀಮಿಯಂನದ್ದಲ್ಲ. ಅದೇ ಬೀದಿಯ ಅಗ್ಗದ ಕೋನಿಗೂ ಅದು ಅನ್ವಯಿಸುತ್ತದೆ.

ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೆರಿಗೆ ಆಗುವವರೆಗೆ ಯಂತ್ರದಿಂದ ಇಳಿಯುವ ಸಾಫ್ಟ್ ಐಸ್‌ಕ್ರೀಮ್ ಬಿಡಲಿ. ಅಪಾಯ ಸಣ್ಣದು ನಿಜ, ಆದರೆ ಹಾಗೇನಾದರೂ ಆದರೆ ಆಗುವ ನಷ್ಟ ದೊಡ್ಡದು, ಕಾಯಬೇಕಾದದ್ದು ಎರಡೇ ತಿಂಗಳು. ಬಯಕೆ ತೀರಿಸಲು ಪಾಶ್ಚರೀಕರಿಸಿದ ಹಾಲಿನಿಂದ ಮಾಡಿ ಸೀಲ್ ಮಾಡಿದ ಕಪ್ ಐಸ್‌ಕ್ರೀಮ್ ಇದೆ. ಅದೂ ನೂರಕ್ಕೆ ನೂರು ಅಲ್ಲ, 2015ರಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿಯ ಪ್ಯಾಕ್ ಐಸ್‌ಕ್ರೀಮಿನಿಂದಲೂ ಲಿಸ್ಟೀರಿಯಾ ಹರಡಿತ್ತು. ಆದರೂ ಮೈನಸ್ 18ರಲ್ಲಿ ರೋಗಾಣು ಹೆಚ್ಚುವುದಿಲ್ಲ, ಪ್ಯಾಕೆಟ್ ಒಡೆದ ಮಿಕ್ಸ್‌ನ ಹಾಗೆ ತೊಟ್ಟಿಯಲ್ಲಿ ದಿನಗಟ್ಟಲೆ ಕೂತಿರುವುದೂ ಇಲ್ಲ. ಜಪಾನಿನಲ್ಲಿ ಕಪ್ಪಿನ ಮೇಲೆ ಮೂರು ದರ್ಜೆ ನಮೂದಿಸುತ್ತಾರೆ. "ಐಸ್‌ಕ್ರೀಮ್" ಅಂದರೆ ಹಾಲಿನ ಘನಾಂಶ ಕನಿಷ್ಠ ಶೇ 15, ಅದರಲ್ಲಿ ಹಾಲಿನ ಫ್ಯಾಟು ಕನಿಷ್ಠ ಶೇ 8. "ಐಸ್ ಮಿಲ್ಕ್" ಅಂದರೆ 10 ಮತ್ತು 3. "ಲ್ಯಾಕ್ಟೊ ಐಸ್" ಅಂದರೆ ಘನಾಂಶ ಬರೀ 3, ಅದರಲ್ಲಿ ಬಹಳಷ್ಟು ಸಲ ಸಸ್ಯದ ಎಣ್ಣೆ ಇರುತ್ತದೆ. ಮೊದಲ ದರ್ಜೆಯದು ತಗೊಂಡು ಹತ್ತು ನಿಮಿಷ ಹೊರಗಿಟ್ಟು ಮೆತ್ತಗಾದ ಮೇಲೆ ತಿಂದರೆ ಸಾಫ್ಟಿಯ ರುಚಿಗೆ ಹತ್ತಿರ ಬರುತ್ತದೆ.

ನೀವು ಹೋದ ಮೇಲೆ ಇನ್ನೊಂದು ದಾರಿಯೂ ಇದೆ. ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ 200 ಎಂ.ಎಲ್.ನ ತಾಜಾ ಕ್ರೀಮ್ ಡಬ್ಬಿ ಸಿಗುತ್ತದೆ, ಫ್ಯಾಟು 35ರಿಂದ 47. ಕಡೆಗೋಲು ಎತ್ತಿದಾಗ ಕೆನೆಯ ತುದಿ ನೆಟ್ಟಗೆ ನಿಲ್ಲುವವರೆಗೆ ಕಡೆದು, ಕಂಡೆನ್ಸ್ಡ್ ಮಿಲ್ಕ್ ಬೆರೆಸಿ, ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಜಾಸ್ತಿ ಕಡೆದರೆ ಬೆಣ್ಣೆ ಆಗಿಬಿಡುತ್ತದೆ, ಮಜ್ಜಿಗೆ ಕಡೆದ ಕೈಗೆ ಅದು ಗೊತ್ತೇ ಇದೆ. ಮೊಟ್ಟೆ ಇಲ್ಲ, ಯಂತ್ರ ಇಲ್ಲ.

ಇಷ್ಟಾದರೂ ಅವಳು ತಿಂದೇ ತೀರುತ್ತೇನೆ ಅಂದರೆ ಜಗಳ ಬೇಡ. ತನ್ನ ವೈದ್ಯರನ್ನು ಒಂದು ಮಾತು ಕೇಳಲಿ. ಆಮೇಲೆ ದಿನಕ್ಕೆ ನೂರಾರು ಕೋನ್ ಹೋಗುವ ಅಂಗಡಿ ಆರಿಸಲಿ, ಅಲ್ಲಿ ಮಿಕ್ಸ್ ತೊಟ್ಟಿಯಲ್ಲಿ ಕೂತಿರುವುದಿಲ್ಲ. ಮೂಲೆಯ ತಿಂಡಿ ಅಂಗಡಿಯಲ್ಲಿ ಯಾವಾಗಲೋ ಒಬ್ಬರು ಕೇಳುವ ಯಂತ್ರದ ಹತ್ತಿರ ಹೋಗಲೇಬಾರದು, ಬೋರ್ಡಿನಲ್ಲಿ ಎಂಥ ದೊಡ್ಡ ಹೆಸರಿದ್ದರೂ. ಇದು ನಿಮ್ಮಿಬ್ಬರಿಗೂ ಅನ್ವಯಿಸುವ ಮಾತು. ನಾನು ಯಾವ ಊರಿಗೆ ಹೋದರೂ ಮೊದಲು ನೋಡುವುದು ಯಂತ್ರದ ಬಾಯಿ. ಅಲ್ಲಿ ಒಣಗಿದ ಕೆನೆ ಅಂಟಿದ್ದರೆ ಮುಂದಕ್ಕೆ ನಡೆಯುತ್ತೇನೆ. ಕೋನಿನ ಮೇಲೆ ನಿಲ್ಲದೆ ಜಾರುವುದು, ನಾಲಿಗೆಗೆ ಐಸ್ ಮರಳು ಸಿಗುವುದು, ಸ್ವಲ್ಪವಾದರೂ ಹುಳಿ ವಾಸನೆ, ಇವು ಬಂದರೆ ಎಸೆದುಬಿಡಿ. 600 ಯೆನ್ ಹೋಯಿತಲ್ಲ ಅಂತ ತಿಂದು ಮುಗಿಸಬೇಡಿ. ಆದರೆ ಒಂದು ನೆನಪಿರಲಿ: ಲಿಸ್ಟೀರಿಯಾ ಸೇರಿದ್ದರೆ ರುಚಿ, ವಾಸನೆಯಲ್ಲಿ ಗೊತ್ತಾಗುವುದಿಲ್ಲ.

ಹೆರಿಗೆ ಆದ ಮೇಲೆ ಬಾಣಂತಿ ತಣ್ಣನೆಯದು ತಿಂದರೆ ಮೊಲೆಹಾಲಿಗೆ ಥಂಡಿ ಇಳಿಯುವುದಿಲ್ಲ. ನಿಮ್ಮ ಪಥ್ಯ, ಲೇಹ್ಯ, ಬಿಸಿನೀರು ಎಲ್ಲ ಮಾಡಿ, ಅದರಲ್ಲಿ ವಿಶ್ರಾಂತಿ ಇದೆ, ಪ್ರೀತಿ ಇದೆ. ಅದರ ನಡುವೆ ಒಂದು ಕೋನ್ ನುಸುಳಿದರೆ ಕಂಡೂ ಕಾಣದ ಹಾಗೆ ಇದ್ದುಬಿಡಿ.

ಮೊಟ್ಟೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನೀವು ನಿಜವಾಗಿ ಎಡವುವುದು ಕೋನಿನಲ್ಲಿ. ಕ್ರೆಮಿಯಾ ಕೊಡುವುದು ಮಾಮೂಲಿ ವೇಫರ್ ಕೋನಿನಲ್ಲಲ್ಲ, ಲಾಂಗ್ ದ ಶಾ ಅನ್ನುವ ಬಿಸ್ಕತ್ತಿನ ಕೋನಿನಲ್ಲಿ. ಆ ಬಿಸ್ಕತ್ತು ಮಾಡುವುದೇ ಬೆಣ್ಣೆ, ಸಕ್ಕರೆ, ಮೈದಾ ಮತ್ತು ಮೊಟ್ಟೆಯ ಬಿಳಿಯಿಂದ. ಹಾಗಾಗಿ ಕಪ್ಪಿನಲ್ಲಿ ಕೊಡುತ್ತೀರಾ ಅಂತ ಕೇಳಿ, "ಕಪ್ಪು ದೆ" ಅಂದರೆ ಸಾಕು. ಕೆಲವು ಅಂಗಡಿಗಳಲ್ಲಿ ಕೊಡುತ್ತಾರೆ. ಮಿಕ್ಸ್‌ನಲ್ಲೂ ಮೊಟ್ಟೆ ಇದೆಯಾ ಅಂತ ಕೇಳಲು "ತಮಾಗೊ ಹಾಯಿತ್ತೆ ಇಮಾಸ್ ಕಾ" ಅನ್ನಿ. ಜಪಾನಿನಲ್ಲಿ ಪ್ಯಾಕೆಟ್ ಆಹಾರದ ಮೇಲೆ ಮೊಟ್ಟೆ, ಹಾಲು, ಗೋಧಿ ಮುಂತಾದ ಅಲರ್ಜಿ ವಸ್ತುಗಳನ್ನು ಬರೆಯಲೇಬೇಕು. ಕೌಂಟರಿನಲ್ಲಿ ಬಿಡಿಯಾಗಿ ಕೊಡುವುದಕ್ಕೆ ಆ ಕಡ್ಡಾಯ ಇಲ್ಲ, ದೊಡ್ಡ ಅಂಗಡಿಗಳು ತಾವೇ ಪಟ್ಟಿ ಇಟ್ಟಿರುತ್ತವೆ, ಕೇಳಿದರೆ ತೋರಿಸುತ್ತಾರೆ. ಪ್ರಾಣಿಜನ್ಯವಾದ ಜೆಲಾಟಿನ್ ಅಲ್ಲಿನ ಸಿಹಿಗಳಲ್ಲಿ ಸಾಮಾನ್ಯ, ಅದನ್ನೂ ಕೇಳಿ: "ಝೆರಾಚಿನ್". ಕ್ಯಾರಗೀನನ್ ಅಂತ ಇದ್ದರೆ ಹೆದರಬೇಡಿ, ಅದು ಸಮುದ್ರದ ಪಾಚಿಯದು. ಎಮಲ್ಸಿಫೈಯರ್ (ಕೊಬ್ಬು, ನೀರು ಬೆರೆತಿರಲು ಹಾಕುವ ವಸ್ತು) ಮಾತ್ರ ಸಸ್ಯದ್ದೂ ಆಗಬಹುದು, ಪ್ರಾಣಿಯದ್ದೂ ಆಗಬಹುದು, ಕೌಂಟರಿನ ಹುಡುಗಿಗೆ ಅದು ಗೊತ್ತಿರುವುದಿಲ್ಲ. ಅಷ್ಟು ಮಡಿ ನೋಡುವುದಾದರೆ ಹೊರಗಿನ ಯಾವ ಐಸ್‌ಕ್ರೀಮೂ ಆಗದು. ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಇನ್ನು ನಿಮ್ಮ ಯಜಮಾನರು. ಸಾಫ್ಟ್ ಮಿಕ್ಸ್‌ನಲ್ಲಿ ಸಕ್ಕರೆ ಸಾಮಾನ್ಯವಾಗಿ ನೂರು ಗ್ರಾಮಿಗೆ 14, 15 ಗ್ರಾಮಿನಷ್ಟು. ಮೇಲೆ ಹಾಲಿನದೇ ಸಕ್ಕರೆ ಆರು ಗ್ರಾಮಿನ ಹತ್ತಿರ, ಅದರ ಮೇಲೆ ಕೋನು. ಕೆನೆ ಜಾಸ್ತಿ ಇದ್ದರೆ ಹೊಟ್ಟೆ ಖಾಲಿಯಾಗುವುದು ನಿಧಾನ, ಸಕ್ಕರೆ ರಕ್ತಕ್ಕೆ ಸೇರುವುದೂ ತಡ. ತಿಂದು ಒಂದು ಗಂಟೆಗೆ ಚೆಕ್ ಮಾಡಿ "ನೋಡು, ಏನೂ ಏರಿಲ್ಲ" ಅಂತ ಅವರು ಗೆದ್ದ ಹಾಗೆ ನಗಬಹುದು, ಏರುವುದು ಆಮೇಲೆ. ಇನ್ಸುಲಿನ್ ತಗೊಳ್ಳುವವರಾದರೆ ಹೊರಡುವ ಮೊದಲೇ ನಿಮ್ಮ ವೈದ್ಯರ ಹತ್ತಿರ ಇದನ್ನು ಮಾತಾಡಿಕೊಳ್ಳಿ. ತಾವೇ ಮಾತ್ರೆ ಹೆಚ್ಚು ಕಡಿಮೆ ಮಾಡುವುದು, ಐಸ್‌ಕ್ರೀಮಿಗಾಗಿ ಊಟ ಬಿಡುವುದು ಎರಡೂ ಬೇಡ. ಮಗಳಿಗೂ ಬಸುರಿನಲ್ಲಿ ಬರುವ ಶುಗರ್ ಇದೆಯಾ ಅಂತ ಪರೀಕ್ಷೆ ಆಗಿದೆಯೋ ಕೇಳಿ.

ತಿಂದ ಮೇಲೆ ಹೊಟ್ಟೆ ಗುಡುಗುಡು ಅಂದರೆ ಎಲ್ಲದಕ್ಕೂ ರೋಗಾಣುವೇ ಕಾರಣ ಅಲ್ಲ. ಮೊಸರು, ಮಜ್ಜಿಗೆ ಒಗ್ಗುವ, ಹಾಲು ಮಾತ್ರ ಒಗ್ಗದ ದೊಡ್ಡವರು ನಮ್ಮಲ್ಲಿ ಬಹಳ. ಹಾಲಿನ ಸಕ್ಕರೆ ಅವರಿಗೆ ಪೂರ್ತಿ ಅರಗುವುದಿಲ್ಲ. ಅಂಥವರಲ್ಲೂ ಹೆಚ್ಚಿನವರು ಒಂದು ಲೋಟ ಹಾಲಿನಲ್ಲಿರುವ ಸುಮಾರು 12 ಗ್ರಾಂ ತಾಳಿಕೊಳ್ಳುತ್ತಾರೆ. ಒಂದು ಕೋನಿನಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಊಟದ ಮೇಲೆ ತಿಂದರೆ ಇನ್ನೂ ಒಳ್ಳೆಯದು. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ಅದು ಬೇರೆ ವಿಷಯ, ಆಸ್ಪತ್ರೆಗೆ ಹೋಗಬೇಕು. ಪ್ರಯಾಣ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ.

ಅಂಗಡಿ ಮುಂದೆಯೇ ನಿಂತು ತಿನ್ನಿ. ನಡೆಯುತ್ತಾ ತಿನ್ನುವುದನ್ನು ಅಲ್ಲಿ ಹಲವು ಕಡೆ ಇಷ್ಟಪಡುವುದಿಲ್ಲ, ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದೂ ಅಪರೂಪ. ನಿಮಗೂ ಯಜಮಾನರಿಗೂ ಸೇರಿ ಒಂದೇ ಕಪ್ಪು ತಗೊಂಡರೆ ಅರ್ಧ ಸಕ್ಕರೆ, ಅರ್ಧ ಖರ್ಚು. ಎರಡು ಚಮಚ ಬೇಕು ಅಂತ ಕೇಳಲು "ಸುಪೂನ್ ಫುತಾತ್ಸು" ಅನ್ನಿ.